ತಪ್ಪು: ಗಾಳಿ

ಜನವರಿ 11

ಗಾಳಿಗೆ,

ಕ್ಷೇಮವೇ, ಕುಶಲವೇ ಎಂದು ಶುರು ಮಾಡಲು ನನ್ನಿಂದಾಗದು. ಇಪ್ಪತ್ತೊಂದು ವರ್ಷ ಕೇಳದವನು ಈಗ ಕೇಳಿದರೆ ನೀನೇ ನಗುತ್ತೀಯ. ಕೆಲಸದ ಮಾತಿಗೆ ಬರುತ್ತೇನೆ.

ಕಾರ್ಖಾನೆ ಮುಚ್ಚುತ್ತಿದ್ದೇನೆ. ನಿಯಾನ್ ಬೋರ್ಡು ಈಗ ಯಾರಿಗೂ ಬೇಡ. ಪ್ಲಾಸ್ಟಿಕ್ ಪಟ್ಟಿಯೊಳಗೆ ಸಾಸಿವೆ ಕಾಳಿನಷ್ಟು ದೀಪಗಳನ್ನು ಕೂರಿಸಿ, ಕತ್ತರಿಯಲ್ಲಿ ಕತ್ತರಿಸಿ, ಗೋಡೆಗೆ ಅಂಟಿಸಿ ಹೋಗುತ್ತಾರೆ. ಊದುವುದಿಲ್ಲ, ಬಗ್ಗಿಸುವುದಿಲ್ಲ, ಕೈ ಸುಟ್ಟುಕೊಳ್ಳುವುದಿಲ್ಲ. ಅದೂ ಒಂದು ಕೆಲಸ! ನನ್ನ ಕೈಯೂ ಬೆಂಕಿಯ ಮುಂದೆ ಈಗ ನಡುಗುತ್ತದೆ. ಕಿವಿ ಪೂರ್ತಿ ಹೋಯಿತು. ಫೋನು ಮಾಡಬೇಡ, ಕೇಳಿಸುವುದಿಲ್ಲ. ಬಾಗಿಲಿಗೆ ಹಗಲಲ್ಲೂ ಒಳಗಿನಿಂದ ಚಿಲಕ ಹಾಕಿಕೊಂಡೇ ಇರುತ್ತೇನೆ. ಬಡಿಯುವವರು ಬಡಿದು ಸಾಕಾಗಿ ಹೋಗುತ್ತಾರೆ. ನನಗೆ ಅದೇ ಆರಾಮ.

ನಿನ್ನ ಪಂಪಿನ ಬೆಂಚು ನೀನು ಬಿಟ್ಟುಹೋದ ಹಾಗೆಯೇ ಇದೆ. ಕೆಳಗಿನ ಕಪಾಟಿನಲ್ಲಿ ಗ್ಯಾಸಿನ ಬುಡ್ಡಿಗಳಿವೆ, ಪಾದರಸದ ಶೀಷೆ ಇದೆ. ಕಸದ ಗಾಡಿಗೆ ಹಾಕಬಾರದಂತೆ. ಏನು ಮಾಡಬೇಕು, ಬರೆ.

ಹಾಕಬಾರದು ಎಂದು ಹೇಳಿದವಳು ಪಕ್ಕದ ರಸ್ತೆಯ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಮೇಡಂ. ಹಳೆಯ ಟ್ಯೂಬುಗಳಿದ್ದರೆ ಪಾಠಕ್ಕೆ ಕೊಡಿ ಎಂದು ಬರೆದ ಕಾಗದವನ್ನು ಕಿಟಕಿಯಲ್ಲಿ ಹಿಡಿದು ತೋರಿಸಿ ಒಳಗೆ ಬಂದಿದ್ದಳು. ಅಟ್ಟದಲ್ಲಿದ್ದುದನ್ನೆಲ್ಲ ಇಳಿಸಿದೆ. ಅದರಲ್ಲಿ ಬೇಕರಿ ಬೋರ್ಡಿನ ಎರಡನೆಯ ಅಕ್ಷರವೂ ಸಿಕ್ಕಿತು. ಟ್ಯೂಬಿನ ತುದಿಯ ಬಾಲಕ್ಕೆ ಕಟ್ಟಿದ್ದ ಚೀಟಿ ಹಾಗೇ ಇದೆ. ಗಾಜು: ನನ್ನ ರುಜು. ಗಾಳಿ: ನಿನ್ನ ರುಜು. ಬಗ್ಗಿಸಿದವನು ಗಾಜು, ಗಾಳಿ ತೆಗೆದು ಗ್ಯಾಸು ತುಂಬಿದವನು ಗಾಳಿ, ಅದೇ ನಮ್ಮ ಹೆಸರೂ ಆಗಿತ್ತಲ್ಲ. ಕೆಳಗೆ, ಬೇಕರಿಯವನ ಎದುರಿಗೆ ನಿಂತು ನಾನು ಬರೆದದ್ದು. ತಪ್ಪು: ಗಾಳಿ.

ಮೇಡಂ ಅದಕ್ಕೆ ಕರೆಂಟು ಕೊಡಿಸಿ, ಬೆಳಕನ್ನು ಬಣ್ಣಬಣ್ಣವಾಗಿ ಸೀಳುವ ಒಂದು ಡಬ್ಬಿಯಲ್ಲಿ ನೋಡಿದಳು. ಮೊದಲು ಕೆಂಪಗಿತ್ತು. ಟ್ಯೂಬು ಬಿಸಿಯಾದ ಮೇಲೆ ನೀಲಿಗೆ ತಿರುಗಿತು, ಅವತ್ತು ಬೇಕರಿಯ ಮುಂದೆ ಜನ ನಿಂತು ನಕ್ಕಾಗ ತಿರುಗಿದ ಹಾಗೆಯೇ. ನೀಲಿ ಬೋರ್ಡಿನ ಆರ್ಗಾನ್ ಗ್ಯಾಸನ್ನು ಇದಕ್ಕೆ ತುಂಬಿಬಿಟ್ಟಿದ್ದಾನೆ ಎಂದು ನಾನು ಅವತ್ತು ನಿನ್ನ ಮೇಲೆ ಕೂಗಾಡಿದ್ದೆನಲ್ಲ. ಮೇಡಂ ಬರೆದು ತೋರಿಸಿದಳು: "ಆರ್ಗಾನ್ ಗೆರೆ ಒಂದೂ ಕಾಣ್ತಿಲ್ಲ ಯಜಮಾನರೇ. ತುಂಬಿರೋದು ನಿಯಾನೇ. ಆದ್ರೆ ಒಳಗೆ ಪಾದರಸ ಸೇರ್ಕೊಂಡಿದೆ."

ಅವತ್ತು ನೀನು ಪಾದರಸದ ಹನಿ ಏನಾದರೂ ಬೀಳಿಸಿದ್ದೆಯಾ? ಸುಮ್ಮನೆ ಕೇಳುತ್ತಿದ್ದೇನೆ.

ಗಾಜು


ಜನವರಿ 24

ಭಾವನವರಿಗೆ ನಮಸ್ಕಾರಗಳು.

ಕಾಗದ ತಲುಪಿತು. ಆರು ವರ್ಷದ ಹಿಂದೆ ಅಕ್ಕ ತೀರಿಕೊಂಡಾಗ ನೀವು ಕಾರ್ಡು ಹಾಕಿದ್ದ ವಿಳಾಸ ಇನ್ನೂ ಅವಳ ಡಬ್ಬಿಯಲ್ಲೇ ಇದ್ದಿರಬೇಕು ಎಂದುಕೊಂಡೆ.

ಪಾದರಸದ ಶೀಷೆಯ ಮುಚ್ಚಳ ಬಿಗಿ ಮಾಡಿ, ಅದನ್ನು ಇನ್ನೊಂದು ಗಟ್ಟಿ ಡಬ್ಬಿಯೊಳಗೆ ನಿಲ್ಲಿಸಿ. ನೆಲಕ್ಕೆ ಚೆಲ್ಲಿದ್ದರೆ ಪೊರಕೆ ಹಾಕಬೇಡಿ, ಕಿಟಕಿ ತೆರೆದು ಮೇಡಂ ಅವರನ್ನು ಕರೆಯಿರಿ. ಗ್ಯಾಸಿನ ಬುಡ್ಡಿಗಳ ಮೂತಿ ಮುರಿಯದೆ ಹತ್ತಿಯಲ್ಲಿ ಸುತ್ತಿ ಅವರಿಗೇ ಕೊಡಿ. ಅವರ ಪ್ರಯೋಗಾಲಯದಲ್ಲಿ ಇದಕ್ಕೆಲ್ಲ ವ್ಯವಸ್ಥೆ ಇರುತ್ತದೆ. ನನಗೂ ಈಗ ಅಂಥದೇ ಕೆಲಸ. ಇಲ್ಲಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಟ್ಯೂಬುಗಳಿಂದ ಗಾಳಿ ತೆಗೆದು ಗ್ಯಾಸು ತುಂಬಿಕೊಡುತ್ತೇನೆ. ಬೈಯುವವರು ಯಾರೂ ಇಲ್ಲದ್ದರಿಂದ ಮೊದಮೊದಲು ಕೆಲಸ ಸರಿಯಾಗುತ್ತಿದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ.

ಹನಿಯ ವಿಷಯ ಕೇಳಿದ್ದೀರಿ. ಬಹಳ ವರ್ಷವಾಯಿತು. ಬಿದ್ದಿರಲೂಬಹುದು. ಚೀಟಿಯಲ್ಲಿ ಹೇಗಿದೆಯೋ ಹಾಗೇ ಇರಲಿ ಬಿಡಿ.

ನಿಮ್ಮ ಹೆಂಡತಿಯ ತಮ್ಮ


ಜನವರಿ 30

ಗಾಳಿಗೆ,

ಬಿದ್ದಿರಲೂಬಹುದು ಎಂದರೆ ಏನರ್ಥ? ಬಿತ್ತು ಅನ್ನು, ಇಲ್ಲ ಬೀಳಲಿಲ್ಲ ಅನ್ನು. ಅವತ್ತೂ ಹೀಗೆಯೇ ಮಾಡಿದೆ. ನಾನು ಬೀದಿ ಕೇಳುವಂತೆ ಬೈಯುತ್ತಿದ್ದರೆ ನೀನು ಒಂದೇ ಒಂದು ಮಾತಾಡಿದೆ: "ಬೆಳಿಗ್ಗೆ ಕೆಂಪಾಗೇ ಇತ್ತಲ್ಲ ಭಾವ?" ಅಷ್ಟೇ. ಮರುದಿನ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದೆ. ಎದುರು ನಿಂತು ನಾಲ್ಕು ಮಾತು ಆಡಿದ್ದರೆ ನಾನೂ ಆಡಿ ಮುಗಿಸುತ್ತಿದ್ದೆ. ತಲೆ ತಗ್ಗಿಸಿ ಹೋಗುವವನ ಜೊತೆ ಜಗಳವಾಡುವುದು ಹೇಗೆ?

ಬುಡ್ಡಿಗಳು ಮೇಡಂ ಕೈ ಸೇರಿದವು. ಅವಳು ವಾರಕ್ಕೆರಡು ಸಲ ಬಂದು ಹಳೆಯ ಟ್ಯೂಬು ಆರಿಸಿಕೊಂಡು ಹೋಗುತ್ತಾಳೆ. ನನಗೆ ಕೇಳಿಸದ್ದರಿಂದ ಹೇಳುವುದನ್ನೆಲ್ಲ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸುತ್ತಾಳೆ. ಪರಮಾಣುವಿನ ಚಿತ್ರ ಬರೆದಳು. ನಡುವೆ ಚುಕ್ಕಿ, ಅದರೊಳಗೆ ಪ್ರೋಟಾನು ನ್ಯೂಟ್ರಾನು, ಸುತ್ತಲೂ ಬಳೆಗಳು, ಬಳೆಗಳ ಮೇಲೆ ಎಲೆಕ್ಟ್ರಾನು. ನಿಯಾನಿಗೆ ಹತ್ತು: ಒಳಗಿನ ಬಳೆಯಲ್ಲಿ ಎರಡು, ಹೊರಗಿನದರಲ್ಲಿ ಎಂಟು. ನಾನು ತಲೆಯಾಡಿಸಿದೆ. ಕೂಡಲೇ ಬರೆದಳು, ನಿಜವಾಗಿ ಎಲೆಕ್ಟ್ರಾನು ಹೀಗೆ ಬಳೆಯ ಮೇಲೆ ಸುತ್ತುವುದಿಲ್ಲ, ಮೋಡದ ಹಾಗೆ ಹರಡಿಕೊಂಡಿರುತ್ತದೆ ಎಂದು. ಹಾಗಾದರೆ ಬಳೆ ಬರೆದದ್ದು ಯಾಕೆ ಎಂದೆ. ಅರ್ಥವಾಗಲಿ ಎಂದು ಅಂತೆ. ಸುಳ್ಳು ಚಿತ್ರ ಬರೆದು ನಿಜ ಅರ್ಥ ಮಾಡಿಸುವ ವಿದ್ಯೆ ನನ್ನ ತಲೆಗೆ ಹತ್ತಲಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಐವತ್ತು ವರ್ಷ ಇವುಗಳನ್ನು ಗಾಜಿನೊಳಗೆ ಕೂಡಿಹಾಕಿದೆ, ಮುಖಪರಿಚಯವೇ ಇರಲಿಲ್ಲ.

ಒಂದು ಮಾತ್ರ ಚೆನ್ನಾಗಿ ಹತ್ತಿತು. ಎಲೆಕ್ಟ್ರಾನು ನಿಲ್ಲುವುದು ಮೆಟ್ಟಿಲುಗಳ ಮೇಲೆ ಮಾತ್ರ, ಎರಡು ಮೆಟ್ಟಿಲ ನಡುವೆ ಅದಕ್ಕೆ ಜಾಗವಿಲ್ಲ. ಕರೆಂಟಿನ ತಳ್ಳಾಟಕ್ಕೆ ಮೇಲೆ ಹತ್ತುತ್ತದೆ, ಅಲ್ಲಿ ನಿಲ್ಲಲಾರದೆ ಕೆಳಗೆ ಬೀಳುತ್ತದೆ, ಬೀಳುವಾಗ ಬೆಳಕು ಬಿಡುತ್ತದೆ. ಎಷ್ಟು ಬಿತ್ತೋ ಅದರ ಮೇಲೆ ಬಣ್ಣ. ಒಂದರ ಮೆಟ್ಟಿಲು ಇನ್ನೊಂದಕ್ಕಿಲ್ಲ, ಅದಕ್ಕೇ ಡಬ್ಬಿಯಲ್ಲಿ ನೋಡಿದರೆ ಒಳಗೆ ಯಾರಿದ್ದಾರೆಂದು ಗೊತ್ತಾಗುವುದು.

ಇದು ಹೇಳು: ಟ್ಯೂಬಿನ ತುಂಬ ನಿಯಾನ್ ಇದೆ, ಪಾದರಸ ಇರುವುದು ಗುಲಗಂಜಿಯಷ್ಟೂ ಅಲ್ಲ. ಅಷ್ಟು ಪಾದರಸ ಅಷ್ಟು ನಿಯಾನನ್ನು ಹೇಗೆ ಸೋಲಿಸುತ್ತದೆ? ಮೇಡಂನ ಕೇಳಬಹುದಿತ್ತು. ಕೇಳಿದರೆ ಅವಳು ಪಾದರಸ ಎಲ್ಲಿಂದ ಬಂತು ಎಂದು ತಿರುಗಿ ಕೇಳುತ್ತಾಳೆ.

ಗಾಜು


ಫೆಬ್ರವರಿ 12

ಭಾವನವರಿಗೆ,

ನೀವು ಕೇಳಿದ ಪ್ರಶ್ನೆಯನ್ನು ಇಲ್ಲಿ ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ. ಅವರಿಗೆ ಹೇಳುವ ಹಾಗೆಯೇ ಹೇಳುತ್ತೇನೆ.

ನಿಯಾನಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನು. ಎಂಟೆಂದರೆ ಮನೆ ತುಂಬಿದ ಹಾಗೆ. ಒಬ್ಬರನ್ನು ಎಬ್ಬಿಸಬೇಕಾದರೂ ಬಹಳ ಜೋರಾಗಿ ತಳ್ಳಬೇಕು. ಪಾದರಸಕ್ಕೆ ಎಂಬತ್ತು ಎಲೆಕ್ಟ್ರಾನುಗಳಿವೆ, ಆದರೆ ತೀರಾ ಹೊರಗೆ ಇರುವವು ಎರಡೇ. ಮೂರರಲ್ಲಿ ಒಂದು ಪಾಲು ತಳ್ಳಿದರೆ ಸಾಕು, ಮೆಟ್ಟಿಲು ಹತ್ತಿಬಿಡುತ್ತವೆ. ಟ್ಯೂಬಿನಲ್ಲಿ ಓಡುವ ಕರೆಂಟಿಗೆ ಸುಲಭದ ದಾರಿ ಸಿಕ್ಕರೆ ಕಷ್ಟದ್ದು ಯಾಕೆ? ತನ್ನ ಶಕ್ತಿಯನ್ನೆಲ್ಲ ಪಾದರಸಕ್ಕೇ ಖರ್ಚು ಮಾಡುತ್ತದೆ. ನಿಯಾನ್ ಒಳಗೇ ಇರುತ್ತದೆ, ಅದರ ಸರದಿ ಬರುವುದಿಲ್ಲ.

ಆದರೆ ಪಾದರಸ ಆವಿಯಾದರೆ ಮಾತ್ರ ಈ ಆಟ. ತಣ್ಣಗಿರುವಾಗ ಅದು ಮೂಲೆಯಲ್ಲಿ ಹನಿಯಾಗಿ ಕೂತಿರುತ್ತದೆ. ಅವತ್ತು ಬೆಳಿಗ್ಗೆ ನಮ್ಮ ಬೆಂಚಿನ ಮೇಲೆ ಚಳಿ ಇತ್ತು, ಕೆಂಪಗೆ ಉರಿಯಿತು. ಮಧ್ಯಾಹ್ನ ಬೇಕರಿಯವರು ಒಲೆ ಹಚ್ಚಿದರು. ಒಲೆಯ ಕೊಳವೆ ಎರಡನೆಯ ಅಕ್ಷರದ ಬೆನ್ನಿಗೇ ಹೋಗುತ್ತಿತ್ತು. ನಾನು ಅವತ್ತು "ಕೆಂಪಾಗೇ ಇತ್ತಲ್ಲ" ಎಂದದ್ದು ವಾದಕ್ಕಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಾನು ಪಾದರಸ ಬೀಳಿಸಲಿಲ್ಲ. ಹಿಂದಿನ ಕಾಗದದಲ್ಲಿ ಹಾರಿಕೆಯ ಮಾತು ಬರೆದದ್ದು ಸರಿಯಲ್ಲ. ಆ ವಾರ ನಮ್ಮಲ್ಲಿ ನೀಲಿ ಬೋರ್ಡಿನ ಕೆಲಸವೇ ಇರಲಿಲ್ಲ, ಶೀಷೆ ಕಪಾಟಿನಿಂದ ಹೊರಗೆ ಬಂದಿರಲಿಲ್ಲ.

ನನ್ನದೂ ಒಂದು ಪ್ರಶ್ನೆ. ಆ ಅಕ್ಷರದ ಗಾಜು ಎಲ್ಲಿಯದು ಭಾವ?

ನಿಮ್ಮ ಹೆಂಡತಿಯ ತಮ್ಮ


ಫೆಬ್ರವರಿ 19

ಗಾಜು ನನ್ನದು. ಐವತ್ತು ವರ್ಷ ನನ್ನ ಗಾಜನ್ನು ಯಾರೂ ಎಲ್ಲಿಯದು ಎಂದು ಕೇಳಿಲ್ಲ. ಕಾಲೇಜಿನಲ್ಲಿ ನಾಲ್ಕು ಜನರಿಗೆ ಪಾಠ ಹೇಳಿದ ಮಾತ್ರಕ್ಕೆ ನನಗೆ ಪಾಟೀಸವಾಲು ಹಾಕಲು ಬರಬೇಡ. ಬುಡ್ಡಿಯ ವಿಷಯ ಮುಗಿಯಿತು, ಶೀಷೆಯ ವಿಷಯ ಮುಗಿಯಿತು. ಇನ್ನು ಬರೆಯುವುದೇನೂ ಇಲ್ಲ.


ಮೇ 4

ಗಾಳಿಗೆ,

ಎರಡೂವರೆ ತಿಂಗಳಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಬೋರ್ಡು ಕೊಡುವ ಹಿಂದಿನ ದಿನ ಎರಡನೆಯ ಅಕ್ಷರದ ಕೊನೆಯ ತಿರುವಿನಲ್ಲಿ ನನ್ನ ಕೈ ತಪ್ಪಿತು. ಬಾಲ ಬಿರುಕು ಬಿಟ್ಟಿತು. ನೀನು ಬೇಕರಿಗೆ ಹೋಗಿ ಗೋಡೆಗೆ ತೂತು ಕೊರೆಯುತ್ತಿದ್ದೆ. ಹೊಸ ಟ್ಯೂಬಿನ ಕಟ್ಟು ಮುಗಿದಿತ್ತು. ಅಂಗಡಿಯಿಂದ ತರಬೇಕಾದರೆ ಎರಡು ದಿನ, ಅಷ್ಟರಲ್ಲಿ ಬೇಕರಿಯ ಉದ್ಘಾಟನೆ. ತಡವಾಗುತ್ತದೆ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಕೈ ತಪ್ಪಿತು ಎನ್ನಬೇಕಾಗುತ್ತದೆ. ಅದೊಂದು ಮಾತು ಮಾತ್ರ ನನ್ನ ಬಾಯಿಂದ ಯಾವತ್ತೂ ಹೊರಟದ್ದಿಲ್ಲ.

ಮೂಲೆಯಲ್ಲಿ ಕ್ಷೌರದಂಗಡಿಯ ಒಡೆದ ನೀಲಿ ಬೋರ್ಡು ಬಿದ್ದಿತ್ತು. ಅದರ ಒಂದು ತುದಿಯನ್ನು, ಕರೆಂಟು ಕೊಡುವ ಲೋಹದ ಬಟ್ಟಲಿನ ಸಮೇತ ಕತ್ತರಿಸಿ, ಒಳಗೆ ಬಟ್ಟೆ ಆಡಿಸಿ ಒರೆಸಿ, ಈ ಅಕ್ಷರಕ್ಕೆ ಬೆಸೆದೆ. ನೀಲಿ ಬೋರ್ಡಿನಲ್ಲಿ ಪಾದರಸ ಇರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಒರೆಸಿದೆನಲ್ಲ, ಹೋಯಿತು ಎಂದುಕೊಂಡೆ. ಬಟ್ಟಲಿನ ಮೂಲೆಯಲ್ಲಿ ಉಳಿದಿತ್ತು.

ಅವತ್ತು ರಾತ್ರಿ ನೀನು ಬಂದು ಗ್ಯಾಸು ತುಂಬಿದ ಮೇಲೆ ನಿನ್ನ ಅಕ್ಕ ಎಂದಿನಂತೆ ಅಕ್ಷರಗಳ ಬಾಲಕ್ಕೆ ಕಪ್ಪು ಬಣ್ಣ ಬಳಿಯಲು ಕೂತಿದ್ದಳು, ಬೇಡದ ಕಡೆ ಬೆಳಕು ಕಾಣದಿರಲಿ ಎಂದು ಬಳಿಯುವುದು. ಇದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೇಳಿದಳು: "ಇಲ್ಲೊಂದು ಬೆಸುಗೆ ಇದೆಯಲ್ರೀ, ಇದು ಹಳೇ ಗಾಜಲ್ವಾ?"

"ಬಳಿಯೋದು ನಿನ್ನ ಕೆಲ್ಸ. ಬಳಿ" ಎಂದೆ.

ಬಳಿದಳು.

ಮರುದಿನ ಅಕ್ಷರ ನೀಲಿಯಾದ ಗಳಿಗೆಯಲ್ಲೇ ನನಗೆ ಆ ಬಾಲದ ನೆನಪಾಯಿತು. ಆಗಲೇ ಜೋರಾಗಿ ಕೂಗಲು ಶುರು ಮಾಡಿದ್ದೆ. ಕೂಗು ಶುರುವಾದ ಮೇಲೆ ಅದನ್ನು ವಾಪಸು ನುಂಗುವುದು ನನಗೆ ಬರುತ್ತಿರಲಿಲ್ಲ. ನೀನು ತುಂಬಿದ ಗ್ಯಾಸೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಾ ನಂಬಿದೆ. ಮೇಡಂ ಡಬ್ಬಿ ಹಿಡಿಯುವವರೆಗೂ ನಂಬಿದ್ದೆ ಎಂದೇ ಇಟ್ಟುಕೋ. ಅವಳು ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದು, ಈ ಬೆಸುಗೆ ಯಾವುದು ಎಂದು ಬರೆದು ತೋರಿಸಿದಳು. ಗೊತ್ತಿಲ್ಲ ಎಂದೆ. ಮನೆಯೊಳಗೆ ಹೋಗಿ ನಿನಗೆ ಮೊದಲ ಕಾಗದ ಬರೆದೆ. ನೀನು ಬೀಳಿಸಿದೆ ಎಂದು ಒಪ್ಪಿದರೆ ಸಾಕು, ಸಾಯುವವರೆಗೆ ಹಾಗೇ ದಾಟಿಸಬಹುದು ಎಂಬ ಆಸೆ. ನೀನು ಒಪ್ಪುವುದಕ್ಕೂ ತಯಾರಾದೆ. ಅದನ್ನು ಓದಿ ಸಿಟ್ಟು ಬಂತು. ಯಾರ ಮೇಲೆ ಎಂದು ಆಮೇಲೆ ತಿಳಿಯಿತು.

ಇನ್ನೊಂದಿದೆ. ಆಸ್ಪತ್ರೆಯಲ್ಲಿ ನಿನ್ನ ಅಕ್ಕ ಎರಡು ಸಲ ಹೇಳಿದಳು, ತಮ್ಮನಿಗೆ ತಿಳಿಸಿ ಎಂದು. ನಾಳೆ ತಿಳಿಸುತ್ತೇನೆ ಎಂದೆ. ನೀನು ಬಂದರೆ ಮುಖ ನೋಡಬೇಕಲ್ಲ. ಎರಡು ದಿನ ಅವಳು ಬಾಗಿಲ ಕಡೆಗೇ ತಲೆ ಹಾಕಿ ಮಲಗಿದ್ದಳು. ಮೂರನೆಯ ದಿನ ಅವಳು ಹೋದಳು, ನಾಳೆ ಮುಗಿದುಹೋಯಿತು. ನಿನಗೆ ಕಾರ್ಡು ಹಾಕಿದ್ದು ಎಂಟು ದಿನ ಬಿಟ್ಟು. ಅಂಚೆ ತಡವಾಯಿತೇನೋ ಎಂದು ನೀನು ಆಗ ಬರೆದಿದ್ದೆ. ಅಂಚೆಯದೇನೂ ತಪ್ಪಿರಲಿಲ್ಲ.

ಇದು ನನಗೆ ಮತ್ತು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿನಗೆ ಗೊತ್ತಾಯಿತು.

ಗಾಜು


ಮೇ 21

ಭಾವ,

ನನಗೆ ಗೊತ್ತಿತ್ತು.

ನಾನು ಈ ಊರಿಗೆ ಬಂದ ತಿಂಗಳೊಳಗೆ ಅಕ್ಕನ ಕಾಗದ ಬಂತು. ನಿಮಗೆ ತಿಳಿಯದ ಹಾಗೆ ಬರೆಯುತ್ತಿದ್ದಳು. ವರ್ಷಕ್ಕೊಂದರಂತೆ ಹದಿನೈದು ಕಾಗದಗಳಿವೆ. ಮೊದಲನೆಯದರಿಂದ ನಾಲ್ಕು ಸಾಲು ಇಲ್ಲಿ ಇಳಿಸುತ್ತೇನೆ:

"ಎರಡನೇ ಅಕ್ಷರದ ಬಾಲ ಹಳೇದು ಕಣೋ, ಕ್ಷೌರದಂಗಡಿ ಬೋರ್ಡಿಂದು. ನಾನೇ ಕಪ್ಪು ಬಳಿದೆ. ಆದ್ರೆ ನೀನಾಗಿ ಅವರನ್ನ ಕೇಳಬೇಡ, ಕೇಳಿದ್ರೆ ಇನ್ನೂ ಬಿಗಿತಾರೆ. ಅವರಾಗೇ ಹೇಳ್ಲಿ. ಈ ಬೇಸಿಗೆಯೊಳಗೆ ಹೇಳ್ತಾರೆ, ಅಲ್ಲೀವರೆಗೆ ತಾಳ್ಕೋ. ಹೇಳಿದ ದಿನ ನೀನು ಬಾ."

ಹದಿನೈದು ಕಾಗದಗಳ ಕೊನೆಯಲ್ಲೂ ಅದೇ ಸಾಲು ಇದೆ. ಈ ಬೇಸಿಗೆಯೊಳಗೆ ಹೇಳುತ್ತಾರೆ. ಕೊನೆಯ ಕಾಗದದಲ್ಲಿ ಅಕ್ಷರಗಳು ಓರೆಯಾಗಿವೆ, ಸಾಲು ಅದೇ. ಅವಳು ಆರು ವರ್ಷ ಹೆಚ್ಚಿಗೆ ಇದ್ದಿದ್ದರೆ ಅವಳ ಮಾತು ನಿಜವಾಗುತ್ತಿತ್ತು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೀಟಿಯ ವಿಷಯಕ್ಕೆ ಸಿಟ್ಟು ಎಂದೋ ಆರಿತ್ತು. ಆಸ್ಪತ್ರೆಯ ಆ ಎರಡು ದಿನದ ಸುದ್ದಿ ನನಗೆ ಹೊಸದು. ಅದನ್ನು ಓದಿದ ಮೇಲೆ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋದೆ. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು.

ಆದರೆ ನಾನು ಮುಚ್ಚಿಟ್ಟದ್ದೂ ಒಂದಿದೆ. ಟ್ಯೂಬು ತುಂಬುವ ಮೊದಲು ಅದರ ಹೊಲಸನ್ನೆಲ್ಲ ಸುಟ್ಟು ತೆಗೆಯಲು ದೊಡ್ಡ ಕರೆಂಟು ಹಾಯಿಸುತ್ತೇನಲ್ಲ, ಆಗ ಆ ಬಾಲದಲ್ಲಿ ಒಂದು ಗಳಿಗೆ ನೀಲಿ ಮಿಂಚಿತು. ನೋಡಿದೆ. ನಿಮ್ಮನ್ನು ಕರೆಯಬೇಕು ಎಂದುಕೊಂಡೆ. ನಿಮ್ಮ ಗಾಜನ್ನು ಅನುಮಾನಿಸುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ನನ್ನ ಕಣ್ಣೇ ತಪ್ಪಿರಬೇಕು ಎಂದು ಸುಮ್ಮನಾದೆ, ಚೀಟಿಗೆ ರುಜು ಹಾಕಿದೆ. ನೀವು ಕೂಗಿ ಕೆಡಿಸಿದ್ದನ್ನು ನಾನು ಸುಮ್ಮನಿದ್ದು ಕೆಡಿಸಿದೆ. ನಡುವೆ ಅಕ್ಕ ಸೋತು ಸುಣ್ಣವಾದಳು.

ಆ ಅಕ್ಷರ ನಿಮಗೆ ಬೇಡವಾದರೆ ನನಗೆ ಕಳಿಸಿ. ತಣ್ಣಗಿದ್ದಾಗ ಕೆಂಪು, ಬಿಸಿಯಾದರೆ ನೀಲಿ. ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಟ್ಯೂಬು ನಮ್ಮ ಪ್ರಯೋಗಾಲಯದಲ್ಲಿಲ್ಲ.

ಬರುವ ವಿಷಯ. ಹೇಳಿದ ದಿನ ಬಾ ಎಂದು ಅಕ್ಕ ಬರೆದಿದ್ದಳು. ಅವಳಿಲ್ಲದ ಮನೆಗೆ ಹೇಗೆ ಬರಬೇಕೋ ನನಗೆ ಗೊತ್ತಾಗುತ್ತಿಲ್ಲ. ಬರುತ್ತೇನೆ ಎನ್ನಲಾರೆ.

ಗಾಳಿ


ಜೂನ್ 2

ಗಾಳಿಗೆ,

ಅಕ್ಷರ ಕಳಿಸಿದ್ದೇನೆ. ಮರದ ಪೆಟ್ಟಿಗೆ, ಸುತ್ತ ಮರದ ಹೊಟ್ಟು, ಗಾಜಿಗೆ ಎರಡು ಸುತ್ತು ಹತ್ತಿ. ಮೊಳೆಗಳನ್ನು ಮೇಲಿನಿಂದ ಕೀಳು, ಪಕ್ಕದಿಂದ ಬಡಿಯಬೇಡ. ಕಪ್ಪು ಬಣ್ಣವನ್ನು ಮೇಡಂ ಕೆರೆದದ್ದು ಬಿಟ್ಟು ಉಳಿದಷ್ಟನ್ನು ಹಾಗೇ ಬಿಟ್ಟಿದ್ದೇನೆ. ಹತ್ತಿರದಿಂದ ನೋಡಿದರೆ ಕುಂಚದ ಗೆರೆ ಕಾಣುತ್ತದೆ. ಬೆಸುಗೆಯ ಮೇಲೆ ಒಂದಕ್ಕೆರಡು ಸಲ ಬಳಿದಿದ್ದಾಳೆ, ದಪ್ಪಗಿದೆ. ನಾನು ಅದನ್ನು ನೋಡಿದ್ದು ಮೊನ್ನೆ, ಕಟ್ಟುವಾಗ.

ಮೇಡಂಗೆ ನಿಜ ಹೇಳಿದೆ. ನನ್ನದೇ ಬೆಸುಗೆ, ಅವತ್ತು ಗೊತ್ತಿಲ್ಲ ಎಂದದ್ದು ಸುಳ್ಳು ಎಂದೆ. ಅವಳು ಬಿಲ್ ಪುಸ್ತಕ ಮುಚ್ಚಿಟ್ಟಳು. ಆರಿಸಿಟ್ಟಿದ್ದ ಟ್ಯೂಬುಗಳನ್ನು ಎತ್ತಿಕೊಂಡು ಹೊರಟಳು. ಬೇಕರಿಗೂ ಹೋಗಿದ್ದೆ. ಆ ಮಾಲೀಕ ತೀರಿಕೊಂಡಿದ್ದಾನೆ, ಈಗ ಅಲ್ಲಿ ಕನ್ನಡಕದ ಅಂಗಡಿ ಇದೆ. ಒಳಗೆ ಕೂತವನಿಗೆ ಬೇಕರಿ ಇದ್ದದ್ದೇ ಗೊತ್ತಿಲ್ಲ. ಅವತ್ತು ಯಾರೆದುರಿಗೆ ಕೂಗಿದ್ದೆನೋ ಅವರಲ್ಲಿ ಒಬ್ಬರೂ ಉಳಿದಿಲ್ಲ. ಯಾರಿಗೆ ಹೇಳಲಿ? ಅಲ್ಲೇ ನಿಂತು ನೋಡಿ ಬಂದೆ. ಬೋರ್ಡಿಗೆ ನೀನು ಕೊರೆದ ತೂತುಗಳು ಗೋಡೆಯಲ್ಲಿ ಇನ್ನೂ ಇವೆ. ನಾಲ್ಕೂ ಒಂದೇ ಮಟ್ಟಕ್ಕಿವೆ.

ನೀಲಿ ಮಿಂಚಿದ ಮಾತು ಬರೆದೆಯಲ್ಲ, ಅದನ್ನು ನಿನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡ. ನೀನು ಕೇಳಿದ್ದರೆ ನಾನು ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದೆ.

ಹಳೆಯ ಚೀಟಿ ಬಿಚ್ಚಿ ನಾನು ಇಟ್ಟುಕೊಂಡಿದ್ದೇನೆ. ಹೊಸದೊಂದು ಕಟ್ಟಿದ್ದೇನೆ. ಕೈ ನಡುಗುವುದರಿಂದ ಅಕ್ಷರ ಸೊಟ್ಟಗಿದೆ, ಓದಿಕೋ. ಹಳೆಯದರಲ್ಲಿ ಮೂರು ಸಾಲು ಇತ್ತು, ಈಗ ನಾಲ್ಕಾಗಿದೆ.

ಗಾಜು: ನಾನು.
ಗಾಳಿ: ನೀನು.
ಕಪ್ಪು: ಅವಳು.
ತಪ್ಪು: ಗಾಜು.

ಆ ಕಾಗದಗಳನ್ನು ಕಳಿಸು ಎಂದು ಕೇಳುವುದಿಲ್ಲ. ಅವು ನಿನಗೆ ಬರೆದವು.

ಬಾ ಎಂದೂ ಬರೆಯುವುದಿಲ್ಲ. ಬಂದರೆ ಮಾತ್ರ ಬಾಗಿಲು ಬಡಿಯುತ್ತ ನಿಲ್ಲಬೇಡ, ನನಗೆ ಕೇಳಿಸುವುದಿಲ್ಲ. ಒಳಗಿನ ಚಿಲಕ ಬಿಚ್ಚಿ ತೆಗೆದಿದ್ದೇನೆ. ತಳ್ಳಿದರೆ ತೆರೆಯುತ್ತದೆ.

ಗಾಜು